ಬಂಡೆ ಸಂದಿಯ ಮಾಗಳಿ

ನಮ್ಮಕ್ಕ ಹಂಸಾ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ನಂಜನಗೂಡಿನಲ್ಲಿ ನಮ್ಮ ಬೀದಿಯ ಯಾರನ್ನು ಬೇಕಾದರೂ ಕೇಳಿ, ಇದೇ ಮಾತು ಹೇಳುತ್ತಾರೆ, ದನಿ ತಗ್ಗಿಸಿ ಹೇಳುತ್ತಾರೆ ಅಷ್ಟೆ. ನಮ್ಮ ಸೋದರತ್ತೆ ಒಮ್ಮೆ ಅವಳನ್ನು ಕೇಳದೆ ಅವಳ ಸುಗಂಧರಾಜದ ಗೆಡ್ಡೆ ಕಿತ್ತುಕೊಂಡು ಹೋದರು. ಆ ಅತ್ತೆ ಬದುಕಿರುವ ತನಕ ಅಕ್ಕ ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಅತ್ತೆಯ ವೈಕುಂಠ ಸಮಾರಾಧನೆಗೆ ಮಾತ್ರ ಹೋಗಿ ಹೊಟ್ಟೆ ತುಂಬ ಉಂಡು ಬಂದಳು. ಅವಳು ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಕಾಲೇಜಿನಲ್ಲಿ ಪ್ರಿನ್ಸಿಪಾಲರೊಬ್ಬರು ಕಾರು ನಿಲ್ಲಿಸುವುದಕ್ಕೆ ಅಡ್ಡ ಅಂತ ಹಳೆಯ ಹೊಂಗೆ ಮರ ಕಡಿಸಿದರು. ಆಗ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅವರ ಬೀಳ್ಕೊಡುಗೆಯ ದಿನ, ಆ ಮರದ ದಿಮ್ಮಿಯಿಂದ ಕೊಯ್ಸಿ ಇಟ್ಟುಕೊಂಡಿದ್ದ ಒಂದು ಬಿಲ್ಲೆಗೆ ಹಾರ ಹಾಕಿ ವೇದಿಕೆಯ ಮೇಲೆ ಅವರ ಕೈಗಿಟ್ಟು, ನಿಮ್ಮ ಸೇವೆಯ ನೆನಪಿಗೆ ಅಂದಳು. ಆ ಮನುಷ್ಯ ಅದನ್ನು ಎದೆಗವಚಿಕೊಂಡೇ ಫೋಟೋಗೆ ನಿಲ್ಲಬೇಕಾಯಿತು.

ನಾನು ಜಯತೀರ್ಥ, ಅವಳ ತಮ್ಮ. ಬ್ಯಾಂಕಿನ ಕೆಲಸ ಮುಗಿಸಿ ನೆಮ್ಮದಿಯಾಗಿ ಪೇಪರು ಓದಿಕೊಂಡು ಇರೋಣ ಅಂದುಕೊಂಡಿದ್ದವನು ಅವಳ ಡ್ರೈವರ್ ಆದೆ. ಅಕ್ಕ ನಿವೃತ್ತಿಯಾದ ಮೇಲೆ ಜನರನ್ನು ಬೆಟ್ಟಗಳಿಗೆ ಕರೆದುಕೊಂಡು ಹೋಗುವುದಕ್ಕೆ ಶುರುಮಾಡಿದ್ದಳು. ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ, ಅಲ್ಲಿಂದಾಚೆ ಹೆಸರೂ ಸರಿಯಾಗಿಲ್ಲದ ಕಲ್ಲುಬೆಟ್ಟಗಳು. ಬೆಂಗಳೂರು, ಮೈಸೂರಿನಿಂದ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಜನ ಬರುತ್ತಿದ್ದರು. ಬೇರೆಯವರು ಹಕ್ಕಿ ತೋರಿಸಿ ಕಳಿಸಿಬಿಡುತ್ತಾರೆ. ಅಕ್ಕ ಹಕ್ಕಿಯ ಜೊತೆ ಅದು ಕೂತ ಗಿಡ, ತಿಂದ ಹಣ್ಣು, ಗೂಡಿಗೆ ಒಯ್ದ ನಾರು ಎಲ್ಲವನ್ನೂ ತೋರಿಸುತ್ತಿದ್ದಳು. ಹಕ್ಕಿಯೊಂದನ್ನೇ ನೋಡಿ ಹೋಗುವುದು ಅಂದರೆ ಹಬ್ಬದ ಮನೆಗೆ ಬಂದು ಜಗಲಿಯಲ್ಲೇ ಯಜಮಾನರನ್ನು ಮಾತಾಡಿಸಿ ಹೊರಟ ಹಾಗೆ ಅನ್ನುತ್ತಿದ್ದಳು. ನನಗೆ ಇವತ್ತಿಗೂ ಕಾಗೆ, ಗುಬ್ಬಿ ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ. ಆದರೂ ಅವಳ ಹಿಂದೆ ಬುತ್ತಿ ಹೊತ್ತು ಎಷ್ಟೋ ಬೆಟ್ಟ ಹತ್ತಿದ್ದೇನೆ.

ಆ ಬುತ್ತಿಗೇ ಒಂದು ಹೆಸರಿತ್ತು ಅನ್ನಿ. ಬಾಳೆಲೆಯ ತುಂಡಿನ ಮೇಲೆ ಮೊಸರನ್ನ, ಪಕ್ಕದಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿ. ಮಾಗಳಿ ನಮ್ಮ ಕಡೆಯ ಕಲ್ಲುಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಬಳ್ಳಿ. ಅದರ ಬೇರಿನ ವಾಸನೆ ಅಭ್ಯಾಸವಿಲ್ಲದವರಿಗೆ ತಿಗಣೆ ಹೊಸಕಿದ ಹಾಗಿರುತ್ತದೆ. ಅಭ್ಯಾಸವಾದವರಿಗೆ ಅದಿಲ್ಲದೆ ಮೊಸರನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಬೇರು ಹೆರೆದು, ನಡುವಿನ ನಾರು ತೆಗೆದು, ಹೋಳು ಮಾಡಿ ಉಪ್ಪು ಮೊಸರಿನಲ್ಲಿ ಹಾಕಿ ಜಾಡಿಗೆ ಬಟ್ಟೆ ಕಟ್ಟಿಡುವ ಪದ್ಧತಿ. ವರ್ಷಗಟ್ಟಲೆ ಕೆಡುವುದಿಲ್ಲ.

ಪಕ್ಕದೂರು ಕಳಲೆಯ ಮಾದಪ್ಪ ಪ್ರತಿ ವರ್ಷ ಮಳೆ ಹಿಡಿದ ಮೇಲೆ ಗೋಣಿಚೀಲದಲ್ಲಿ ಬೇರು ತಂದು ನಮ್ಮ ಜಗಲಿಯ ಮೇಲೆ ಸುರಿಯುತ್ತಿದ್ದ. ಅಕ್ಕ ಒಂದೊಂದನ್ನೂ ಮುರಿದು ಮೂಸಿ, ಸಣ್ಣದನ್ನೆಲ್ಲ ಪಕ್ಕಕ್ಕೆ ತಳ್ಳಿ, ದಪ್ಪನೆಯದು ತರುವುದಕ್ಕೇನು ರೋಗ ಅಂತ ಗದರುವಳು. ಆ ವರ್ಷ ಅವನು ಗೆದ್ದೆ ಅನ್ನುವ ಮುಖ ಮಾಡಿಕೊಂಡು ಒಂದು ಬೇರು ತಂದ. ತೋಳಿನಷ್ಟು ದಪ್ಪ, ಆದರೆ ಎರಡು ಪಕ್ಕವೂ ಹಲಗೆಯ ಹಾಗೆ ಚಪ್ಪಟೆ, ತುದಿಯಲ್ಲಿ ಒಂದು ಗೂನು. "ಇಂಥದ್ದ ನಮ್ಮಪ್ಪನ ಕಾಲ್ದಲ್ಲೂ ಕಂಡಿಲ್ಲ ಕಣವ್ವ" ಅಂದ. ಈಳಿಗೆ ಮಣೆಯ ಮುಂದೆ ಅದು ಉರುಳದೆ ನೆಟ್ಟಗೆ ಕೂರುತ್ತಿತ್ತು, ಹೆಚ್ಚುವುದಕ್ಕೆ ಸಲೀಸು ಅಂತ ಅಕ್ಕನಿಗೆ ಖುಷಿಯೋ ಖುಷಿ. ಆ ಸಲದ ಜಾಡಿ ಕುತ್ತಿಗೆಯವರೆಗೆ ತುಂಬಿತು.

ಇನ್ನು ಸಮೀರನ ವಿಷಯ. ಟಿ. ನರಸೀಪುರದವನು, ಕಾಲೇಜಿನಲ್ಲಿ ಅಕ್ಕನ ಶಿಷ್ಯ, ಆಮೇಲೆ ಅವಳ ಪ್ರವಾಸಗಳಲ್ಲಿ ಬಲಗೈ. ಅವನ ಕಿವಿ ಎಂಥದ್ದು ಅಂದರೆ, ಕಾರಿನ ಗಾಜು ಏರಿಸಿದ್ದರೂ ಹೊರಗೆ ಕೂಗಿದ ಹಕ್ಕಿ ಯಾವುದು ಅಂತ ಹೇಳುತ್ತಿದ್ದ. ಅಕ್ಕನಿಗೆ ಮಕ್ಕಳಿಲ್ಲ, ಮದುವೆಯೇ ಆಗಲಿಲ್ಲ. ಅವಳ ಬಾಯಲ್ಲಿ ನಮ್ಮ ಸಮೀರ ಅನ್ನುವ ಮಾತು ಬರುವಾಗ ನನಗೇ ಸಣ್ಣ ಹೊಟ್ಟೆಕಿಚ್ಚು. ಅವನು ಒಂದು ಹಳೆಯ ಜೀಪು ಕೊಂಡು ತನ್ನದೇ ಪ್ರವಾಸ ಶುರುಮಾಡಿದಾಗಲೂ ಅವಳು ಹರಸಿದಳು. ಅಲ್ಲಿಗೆ ಅವಳ ಜನ್ಮದ ಕ್ಷಮೆಯೆಲ್ಲ ಖರ್ಚಾಯಿತು ಅಂತ ಕಾಣುತ್ತದೆ.

ಅವರಿಬ್ಬರಿಗೂ ಒಂದು ಗುಟ್ಟಿತ್ತು. ಗುಂಡ್ಲುಪೇಟೆ ದಾಟಿದ ಮೇಲೆ ಸಿಗುವ ಗವಿಕಲ್ಲು ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರದ ಒಂದು ಜೋಡಿ ಗೂಡು ಕಟ್ಟುತ್ತಿತ್ತು. ನಮ್ಮ ಹಿತ್ತಲಿಗೆ ಬರುವ ಪಿಕಳಾರದ ದಾಯಾದಿಯೇ ಇದು. ಆದರೆ ಊರಿಗೆ ಬರುವುದಿಲ್ಲ, ಕಲ್ಲುಬೆಟ್ಟ ಬಿಟ್ಟು ಕದಲುವುದಿಲ್ಲ, ಹಾಗಾಗಿ ಎಲ್ಲೋ ಕೆಲವು ಬೆಟ್ಟಗಳಲ್ಲಿ ಮಾತ್ರ ಉಳಿದಿದೆಯಂತೆ. ಬಂಡೆಯ ಒಂದು ಪೊಟರೆಯಲ್ಲಿ ಗೂಡು, ಅದರ ಮುಂದೆ ಪರದೆಯ ಹಾಗೆ ಇಳಿಬಿದ್ದ ಮಾಗಳಿ ಬಳ್ಳಿ. ಆ ಪರದೆಯೇ ಮರಿಗಳಿಗೆ ನೆರಳು, ಗಿಡುಗನ ಕಣ್ಣಿಗೆ ಮರೆ. ಗೂಡಿನ ಜಾಗ ಇನ್ನೊಬ್ಬರಿಗೆ ಹೇಳಬಾರದು ಅನ್ನುವುದು ಈ ಹಕ್ಕಿ ನೋಡುವವರ ಕಟ್ಟುಪಾಡು. ಸಮೀರ ದೇವರ ಮೇಲೆ ಆಣೆ ಮಾಡಹೋದರೆ ಅಕ್ಕ ಒಪ್ಪಲಿಲ್ಲ. ದೇವರು ಕ್ಷಮಿಸಿಬಿಡುತ್ತಾನೆ, ನನ್ನ ಮೇಲೆ ಆಣೆ ಮಾಡು ಅಂದಳು. ಅವನು ನಗುತ್ತಾ ಮಾಡಿದ.

ಮಾಗಳಿ ಹೆಚ್ಚಿದ ಕೈವಾಸನೆ ಇನ್ನೂ ಹೋಗಿರಲಿಲ್ಲ, ಅಕ್ಕ ಮರಿಗಳನ್ನು ನೋಡಿಬರೋಣ ಅಂತ ನನ್ನನ್ನು ಹೊರಡಿಸಿದಳು. ಹೋದರೆ ಬಳ್ಳಿ ಸುಟ್ಟ ಹಪ್ಪಳದ ಹಾಗೆ ಒಣಗಿ ನೇತಾಡುತ್ತಿತ್ತು. ಗೂಡು ನಡುಬೀದಿಯಲ್ಲಿ ಇಟ್ಟಂತೆ ಬಯಲಾಗಿತ್ತು, ಒಳಗೆ ಒಂದು ಮರಿಯ ರೆಕ್ಕೆ ಬಿಟ್ಟರೆ ಏನೂ ಇಲ್ಲ. ಬಂಡೆಯ ಕೆಳಗೆ ಬೂಟಿನ ಗುರುತು, ಬಿಸ್ಕತ್ತಿನ ಕಾಗದ, ಒಂದು ಕ್ಯಾಮೆರಾದ ಮುಚ್ಚಳ. ಬಳ್ಳಿಯ ನಾಲ್ಕಾರು ಹಂಬುಗಳನ್ನು ಮುರಿದು ಪಕ್ಕಕ್ಕೆ ಸರಿಸಿದ್ದರು. ಚಿತ್ರ ಚೆನ್ನಾಗಿ ಬರಲಿ ಅಂತ ಗೂಡಿನ ಮುಂದಿನ ಸೊಪ್ಪು ಸವರಿಹಾಕುವ ಚಟ ಈ ಫೋಟೋದವರಲ್ಲಿ ಕೆಲವರಿಗುಂಟು. ಅಕ್ಕ ಆ ಮುಚ್ಚಳ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು.

ಸಮೀರನನ್ನು ಕರೆಸಿದಳು. ಅವನು ಬಂದವನೇ ಒಪ್ಪಿಕೊಂಡ. ರೆಸಾರ್ಟಿನ ಕಡೆಯ ದೊಡ್ಡ ಮನುಷ್ಯರು, ಒಂದೇ ಸಲ ಅಂತ ಗೋಗರೆದರು, ಕರೆದುಕೊಂಡು ಹೋದೆ, ತಪ್ಪಾಯಿತು ಅಂದ. ಆದರೆ ಬಳ್ಳಿ ಕಡಿದದ್ದನ್ನು ಮಾತ್ರ ಒಪ್ಪಲಿಲ್ಲ. "ನಾವು ಹೋದಾಗಲೇ ಬಳ್ಳಿ ಬಾಡಿತ್ತು ಮೇಡಂ. ಒಣಗಿದ ಹಂಬು ಸರಿಸಿದ್ದು ನಿಜ, ಬುಡ ನಾವು ಮುಟ್ಟಿಲ್ಲ." ಮಳೆಗಾಲದಲ್ಲಿ ಮಾಗಳಿ ತಾನಾಗಿ ಬಾಡುತ್ತದೆ ಅಂತ ಯಾವ ಪುಸ್ತಕದಲ್ಲಿ ಓದಿದೆಯಪ್ಪ ಅಂತ ಅಕ್ಕ ಕೇಳಿದಳು. ಕಾಫಿ ಕುಡಿದು ಹೋಗು ಅಂದಳು. ಅವಳ ಮುಖ ನೋಡಿ ಅವನ ಬದಲು ನನಗೆ ಬೆವರು ಕಿತ್ತುಬಂತು.

ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ನವರಾತ್ರಿಗೆ ಅವನನ್ನು ಕರೆದು ಬೊಂಬೆ ತೋರಿಸಿ ಚರಪಿನ ತಿಂಡಿ ಕೊಟ್ಟಳು. ದೀಪಾವಳಿಗೆ ಅವನ ತಾಯಿಗೆ ಕುಶಲ ಕೇಳಿ ಫೋನು ಮಾಡಿದಳು. ಮೇಡಂ ಮರೆತಿದ್ದಾರೆ ಅಂತ ಅವನು ನನ್ನ ಹತ್ತಿರ ಹೇಳಿಕೊಂಡು ಹಗುರಾದ. ಪ್ರಿನ್ಸಿಪಾಲರ ಜೊತೆಗೂ ಅವಳು ಹೀಗೇ ನಗುತ್ತಿದ್ದಳು ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ನನಗೂ ಆ ಮರಿಯ ರೆಕ್ಕೆ ಕಣ್ಣಿಗೆ ಕಟ್ಟಿತ್ತು. ಅವನಿಗೆ ಆಗಬೇಕಾದ್ದು ಆಗಲಿ ಅನ್ನಿಸಿತ್ತು.

ಚಳಿಗಾಲಕ್ಕೆ ನಮ್ಮ ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬಂದು ನಮ್ಮ ಗದ್ದೆಯಲ್ಲಿ ಮೇಯುವ ಹಕ್ಕಿಗಳು. ಸಂಕ್ರಾಂತಿ ಕಳೆದ ಭಾನುವಾರ ಹಕ್ಕಿಯವರೆಲ್ಲ ಆ ಕೆರೆಯ ಏರಿಯ ಮೇಲೆ ಸೇರುವುದು ವಾಡಿಕೆ. ವರ್ಷದ ಬೆಟ್ಟದ ಪ್ರವಾಸಗಳು ಯಾರ ಜೊತೆ ಅಂತ ನಿಶ್ಚಯವಾಗುವುದೂ ಅಲ್ಲೇ. ಆ ವರ್ಷ ಸಮೀರ ರೆಸಾರ್ಟಿನ ಮ್ಯಾನೇಜರ್ ರವಿಚಂದ್ರ ಅವರನ್ನೂ ಕರೆತಂದಿದ್ದ. ಅವರ ಅತಿಥಿಗಳ ಪ್ರವಾಸವೆಲ್ಲ ಇನ್ನು ಮುಂದೆ ಇವನದೇ ಅಂತ ಅವತ್ತು ಮಾತಾಗಬೇಕಿತ್ತು.

ಅಕ್ಕ ಎಲ್ಲರಿಗೂ ಊಟ ನನ್ನದು ಅಂದಿದ್ದಳು. ಹೊಂಗೆ ಮರದ ಕೆಳಗೆ ಜಮಖಾನ ಹಾಸಿ ಎಲೆ ಹಾಕಿದೆವು. ಅವಳೇ ಕೈಯಾರೆ ಮೊಸರನ್ನ ಬಡಿಸಿ, ಜಾಡಿಯಿಂದ ಒಬ್ಬೊಬ್ಬರಿಗೂ ಮಾಗಳಿ ಹೋಳು ಹಾಕಿದಳು. ಜನ ಬೆರಳು ಚೀಪುತ್ತಿದ್ದಾಗ ಸೆರಗಿನ ಗಂಟು ಬಿಚ್ಚಿ ಆ ಮುಚ್ಚಳ ತೆಗೆದು, ಇದು ಯಾರದು ಅಂತ ಕೇಳಿದಳು. ಆಮೇಲೆ ಶುರುಮಾಡಿದಳು. ಕ್ಲಾಸಿನಲ್ಲಿ ಪಾಠ ಮಾಡುವಷ್ಟೇ ತಣ್ಣಗೆ ಬೆಟ್ಟ, ಗೂಡು, ಆಣೆ, ಬೂಟು, ಬಳ್ಳಿ, ರೆಕ್ಕೆ ಎಲ್ಲವನ್ನೂ ಹೇಳಿದಳು. ಯಾರು ಅಂತ ಹೇಳಲಿಲ್ಲ. ಕೊನೆಗೆ ಸಮೀರನ ಕಡೆ ತಿರುಗಿ, "ಉಪ್ಪಿನಕಾಯಿ ಇನ್ನೊಂದು ಚೂರು ಹಾಕಲೇನಪ್ಪ?" ಅಂದಳು.

ಸಮೀರ ನಾನು ಕಡಿದಿಲ್ಲ ಅಂತ ಮಾತ್ರ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ರವಿಚಂದ್ರ ಅರ್ಧಕ್ಕೇ ಎದ್ದು ಕೈ ತೊಳೆದರು. ಸಮೀರನ ಜೀಪಿನಲ್ಲಿ ಬಂದಿದ್ದವರು ಹಿಂದಕ್ಕೆ ಹೋಗುವಾಗ ನಮ್ಮ ಕಾರಿನಲ್ಲಿ, ಇನ್ನೊಬ್ಬರ ಕಾರಿನಲ್ಲಿ ಇರುಕಿಕೊಂಡು ಹೋದರೇ ಹೊರತು ಅವನ ಜೊತೆ ಹತ್ತಲಿಲ್ಲ. ಖಾಲಿ ಜೀಪು ಏರಿಯ ಮೇಲೆ ಧೂಳೆಬ್ಬಿಸಿಕೊಂಡು ಹೋಗುವುದನ್ನು ಅಕ್ಕ ದುರ್ಬೀನು ಹಾಕಿಕೊಂಡು ನೋಡಿದಳು. ಹೆಬ್ಬಾತುಗಳನ್ನು ಕೂಡ ಅಷ್ಟು ಆಸೆಯಿಂದ ನೋಡಿರಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಹಾಡು ಗುನುಗುತ್ತಿದ್ದಳು, ನಾನೂ ತಾಳ ಹಾಕಿದೆ.

ಆ ಬೇಸಿಗೆ ಸಮೀರನ ಫೋನಿಗೆ ಒಂದು ಕರೆಯೂ ಬರಲಿಲ್ಲವಂತೆ. ಶಾಲೆಯವರು ಕೂಡ ಮಕ್ಕಳನ್ನು ಕಳಿಸಲಿಲ್ಲ. ಜೀಪು ಮಾರಿ, ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಕೂತ. ಸುದ್ದಿ ತಂದವರು ಪಾಪ ಅಂದರೆ, ಯೂರಿಯಾ ಮೂಟೆ ಲೆಕ್ಕ ಹಾಕುವುದಕ್ಕೆ ಕಿವಿ ಬೇಕಾಗಿಲ್ಲ ಬಿಡಿ ಅಂತ ಅಕ್ಕ ನಕ್ಕಳು. ನನಗೆ ಅವತ್ತು ಅವಳ ನಗು ಹಿಡಿಸಲಿಲ್ಲ.

ಮತ್ತೆ ಮಳೆ ಹಿಡಿಯಿತು. ಗವಿಕಲ್ಲಿನ ಬಳ್ಳಿ ಚಿಗುರಿರುತ್ತದೆ, ನೋಡಿಬರೋಣ ನಡಿ ಅಂದಳು. ಮಾಗಳಿ ಹಟಮಾರಿ ಬಳ್ಳಿಯಂತೆ. ಮೇಲೆ ಎಷ್ಟು ಸವರಿದರೂ ಬೇರಿದ್ದರೆ ಮೊದಲ ಮಳೆಗೆ ಮಾರುದ್ದ ಏಳುತ್ತದೆ ಅಂತ ವರ್ಷವೆಲ್ಲ ಹೇಳುತ್ತಿದ್ದಳು. ಹೋಗಿ ನೋಡಿದರೆ ಸುತ್ತಮುತ್ತ ಕಲ್ಲೆಲ್ಲ ಹಸಿರಾಗಿದೆ, ಆ ಒಂದು ಪೊಟರೆಯ ಮುಂದೆ ಮಾತ್ರ ಒಣ ಹಂಬು. ಅಕ್ಕ ಬಂಡೆ ಸಂದಿಗೆ ಬಗ್ಗಿ ಬಳ್ಳಿಯ ಬುಡ ಹಿಡಿದು ಮೆಲ್ಲಗೆ ಎಳೆದಳು. ಅದು ಗೂಟ ಕಿತ್ತ ಹಾಗೆ ಕೈಗೇ ಬಂತು. ತುದಿಯಲ್ಲಿ ಬೇರಿಲ್ಲ. ಬೇರು ಅಗೆಯುವವರು ಯಾರಿಗೂ ತಿಳಿಯದಿರಲಿ ಅಂತ ಬುಡವನ್ನು ಮತ್ತೆ ಮಣ್ಣಿಗೆ ಸಿಕ್ಕಿಸಿ, ಮೇಲೊಂದು ಕಲ್ಲಿಟ್ಟು ಹೋಗುವುದುಂಟು.

ಅವಳು ಕೈಯಿಂದಲೇ ಮಣ್ಣು ತೋಡಿದಳು. ಎರಡು ಬಂಡೆಗಳ ನಡುವೆ ಕಿರಿದಾದ ಸಂದಿ. ಅದರ ಎರಡು ಗೋಡೆಯೂ ಹಲಗೆಯಂತೆ ನುಣುಪು, ತಳದಲ್ಲಿ ಒಂದು ಕಡೆ ಬೊಗಸೆಯಷ್ಟು ಗುಂಡಿ. ಆ ಗುಂಡಿ ನೋಡುತ್ತಿದ್ದ ಹಾಗೆ ನನಗೆ ಆ ಬೇರಿನ ತುದಿಯ ಗೂನು ನೆನಪಾಯಿತು. ಈಳಿಗೆ ಮಣೆಯ ಮುಂದೆ ಉರುಳದೆ ಕೂತಿದ್ದ ಬೇರು. ನಾನು ಅಕ್ಕನ ಮುಖ ನೋಡಲಿಲ್ಲ, ಬೆಟ್ಟದ ಕೆಳಗೆ ನೋಡಿದೆ.

ಇಳಿಯುವಾಗ ಅವಳು ಮಾದಪ್ಪನನ್ನು ಬಾಯಿಗೆ ಬಂದ ಹಾಗೆ ಬೈದಳು. ಪೊಲೀಸಿಗೆ ಕೊಡುತ್ತೇನೆ, ಕಳಲೆಯಲ್ಲಿ ಅವನು ತಲೆ ಎತ್ತದ ಹಾಗೆ ಮಾಡುತ್ತೇನೆ ಅಂದಳು. ಬೇಗೂರು ದಾಟುವವರೆಗೂ ಬೈದಳು. ನಮ್ಮೂರಿನ ಹೊಳೆ ಕಂಡಾಗ ಬಾಯಿಬಿಟ್ಟಳು.

"ದಪ್ಪದ್ದು ತಾ ಅಂದವಳು ನಾನೇ ಕಣೋ. ಯಾವ ಬೆಟ್ಟದ್ದು ಅಂತ ಕೇಳಲಿಲ್ಲ."

ಸಮೀರನದೂ ತಪ್ಪಿತ್ತಲ್ಲ, ಆಣೆ ಮುರಿದನಲ್ಲ ಅಂತ ನಾನು ಸಮಾಧಾನ ಹೇಳಿದೆ. ಆಣೆ ಮುರಿದದ್ದಕ್ಕೆ ನಾನು ಅವನನ್ನು ಹೊರಗೆ ಹಾಕಲಿಲ್ಲ, ಮರಿ ಕೊಂದ ಅಂತ ಹಾಕಿದೆ ಅಂದಳು. ಮಾರನೆಯ ದಿನ ಬೆಳಿಗ್ಗೆಯೇ ನರಸೀಪುರಕ್ಕೆ ನಡಿ ಅಂದಳು.

ಅಂಗಡಿಯಲ್ಲಿ ಸಮೀರ ಮೂಟೆಗಳ ನಡುವೆ ಕೂತಿದ್ದ. ಎದ್ದು ನಿಂತ, ಆದರೆ ಕೂರಿ ಅನ್ನಲಿಲ್ಲ. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಮಾದಪ್ಪ, ಬೇರು, ಸಂದಿ, ಜಾಡಿ. ಒಂದನ್ನೂ ಮುಚ್ಚಿಡಲಿಲ್ಲ. ನನ್ನಿಂದ ಅನ್ಯಾಯವಾಯಿತು ಅಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಷ್ಟು ಸಾಕು, ಇನ್ನು ಇವನು ಕಾಲಿಗೆ ಬೀಳುತ್ತಾನೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಅವನು ಬೀಳಲಿಲ್ಲ. ಕೈಗೆ ಮೆತ್ತಿದ್ದ ಗೊಬ್ಬರದ ಪುಡಿ ಒರೆಸಿಕೊಂಡು ಹೇಳಿದ, "ಹದಿನಾರಲ್ಲಿ ಎಲ್ಲರ ಮುಂದೆ ಹೇಳಿದ್ರಿ ಮೇಡಂ. ಇವತ್ತು ನನ್ನೊಬ್ಬನ ಮುಂದೆ ಹೇಳ್ತಿದೀರಿ."

ಹೌದು ಅಂತ ಅಕ್ಕ ತಲೆಯಾಡಿಸಿದಳು.

"ಸಂಕ್ರಾಂತಿ ಆದ್ಮೇಲೆ ಎಲ್ಲ ಸೇರ್ತಾರಲ್ಲ, ನಾನೂ ಬರ್ತೀನಿ. ಊಟ ನೀವೇ ತನ್ನಿ. ಉಪ್ಪಿನಕಾಯಿ ಅದೇ ಜಾಡೀದಿರಲಿ."

ನನಗೆ ಮೈ ಉರಿದುಹೋಯಿತು. ಇವನಿಗೆ ವಿದ್ಯೆ ಕಲಿಸಿದವಳು, ಇವನ ತಾಯಿಯ ವಯಸ್ಸಿನವಳು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಕೊಂಡರೆ ಇಷ್ಟು ಕೊಬ್ಬೇ ಅಂತ ರೇಗಿದೆ. ಅಕ್ಕ ನನ್ನ ತೋಳು ಹಿಡಿದಳು. ಅವನು ಕೇಳಿದ್ದು ಸರಿಯಾಗಿಯೇ ಇದೆ, ನಾನಾಗಿದ್ದರೂ ಇದನ್ನೇ ಕೇಳುತ್ತಿದ್ದೆ ಅಂದಳು. ಅದೂ ನಿಜ. ಸಮೀರ ಅವಳಿಂದ ಗಿಡಗಳ ಪಾಠ ಅಷ್ಟಾಗಿ ಕಲಿಯಲಿಲ್ಲ, ಈ ಪಾಠ ಮಾತ್ರ ಚೆನ್ನಾಗಿ ಕಲಿತಿದ್ದ.

ಅಲ್ಲಿಂದ ಸಂಕ್ರಾಂತಿಯವರೆಗೆ ನಾನು ಅವಳಿಗೆ ನೂರು ನೆಪ ಹುಡುಕಿಕೊಟ್ಟೆ. ಮಂಡಿನೋವು ಅನ್ನು, ಕಾಶಿಗೆ ಹೋಗೋಣ, ಜಾಡಿ ಒಡೆದುಹೋಯಿತು ಅಂತ ಹೇಳು. ಯಾವುದನ್ನೂ ಅವಳು ಒಪ್ಪಲಿಲ್ಲ. ಅತ್ತೆಯನ್ನು ಬಿಡದವಳು, ಪ್ರಿನ್ಸಿಪಾಲರನ್ನು ಬಿಡದವಳು, ಸ್ವಂತ ಶಿಷ್ಯನನ್ನು ಬಿಡದವಳು ತನ್ನನ್ನು ಬಿಡುತ್ತಾಳೆಯೇ? ಆ ವರ್ಷ ಮಾದಪ್ಪ ಬೇರು ತಂದಾಗ ಅವನನ್ನು ಬೈಯಲೂ ಇಲ್ಲ. ಇನ್ನು ತರಬೇಡ, ಬೇರೆ ಯಾರ ಮನೆಗೂ ಕೊಡಬೇಡ ಅಂತ ಕಳಿಸಿದಳು. ಅವನು ಗೋಣಿಚೀಲ ಹೆಗಲಿಗೇರಿಸಿಕೊಂಡು ನನ್ನ ಮುಖ ನೋಡುತ್ತಾ ಹೋದ.

ಹದಿನಾರಿನ ಏರಿಯ ಮೇಲೆ ಅದೇ ಜನ, ಅದೇ ಹೊಂಗೆ ಮರ, ಅದೇ ಜಮಖಾನ. ರವಿಚಂದ್ರ ಅವರನ್ನು ಅಕ್ಕನೇ ಫೋನು ಮಾಡಿ ಕರೆಸಿದ್ದಳು. ಸಮೀರ ಬಸ್ಸಿನಲ್ಲಿ ಬಂದು ಕೆರೆಯ ಕಡೆ ಒಮ್ಮೆಯೂ ತಿರುಗದೆ ನೇರವಾಗಿ ಮುಂದಿನ ಎಲೆಗೆ ಕೂತ. ಅವನ ಅಕ್ಕಪಕ್ಕ ಯಾರೂ ಕೂರಲಿಲ್ಲ. ಅಕ್ಕ ಮೊಸರನ್ನ ಬಡಿಸಿದಳು, ಜಾಡಿ ತೆಗೆದು ಹೋಳು ಹಾಕಿದಳು, ಜನ ತಿನ್ನತೊಡಗಿದ ಮೇಲೆ ಮಾತಿಗೆ ಶುರುಮಾಡಿದಳು. ಹಿಂದಿನ ಸಲದಷ್ಟೇ ತಣ್ಣಗಿನ ದನಿ. ಆ ಗೂಡಿನ ಮರೆ ಕಡಿದದ್ದು ಸಮೀರನಲ್ಲ, ಅದರ ಬೇರು ಈಗ ನಿಮ್ಮ ಎಲೆಯ ಮೇಲಿದೆ, ತರಿಸಿದವಳು ನಾನು ಅಂದಳು. ಆ ಮರಿಗಳ ಸೇಡು ತೀರಿಸುತ್ತೇನೆ ಅಂತ ಅವುಗಳ ಮನೆಯನ್ನೇ ನಿಮಗೆ ಬಡಿಸಿದೆ ಅಂದಳು.

ಒಬ್ಬೊಬ್ಬರಾಗಿ ಹೋಳುಗಳನ್ನು ಎಲೆಯ ಅಂಚಿಗೆ ಸರಿಸಿದರು. ಒಬ್ಬಾಕೆ ಬಾಯಲ್ಲಿದ್ದದ್ದನ್ನು ಉಗಿದು ನೀರು ಕುಡಿದರು. ರವಿಚಂದ್ರ ಕಳೆದ ವರ್ಷದ ಹಾಗೇ ಅರ್ಧಕ್ಕೆ ಎದ್ದರು, ಈ ಸಲ ಸಮೀರನ ಹತ್ತಿರ ಹೋಗಿ ಏನೋ ಹೇಳಿ ಕೈ ಚಾಚಿದರು. ಅವನು ಎಂಜಲು ಕೈ ಅಂತ ತೋರಿಸಿದ. ಅಕ್ಕನ ಕಡೆ ಯಾರೂ ನೋಡುತ್ತಿರಲಿಲ್ಲ. ಅವಳು ಜಾಡಿ ಹಿಡಿದುಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದಳು, ಆ ಹೊತ್ತಿಗೆ ಅವಳಿಗೆ ವಯಸ್ಸಾಗಿದೆ ಅಂತ ನನಗೆ ಮೊದಲ ಸಲ ಕಂಡಿತು.

ಸಮೀರ ಒಬ್ಬನೇ ತಲೆ ತಗ್ಗಿಸಿ ಉಣ್ಣುತ್ತಿದ್ದ. ಮೊಸರನ್ನ ಮುಗಿಸಿದ, ಮಾಗಳಿ ಹೋಳನ್ನು ನಿಧಾನವಾಗಿ ಅಗಿದು ನುಂಗಿದ. ಆಮೇಲೆ ತಲೆ ಎತ್ತಿ ಅಕ್ಕನನ್ನು ನೋಡಿ ಎಲೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದ.

"ಇನ್ನೊಂದು ಚೂರು ಹಾಕಿ ಮೇಡಂ" ಅಂದ.

ಅಕ್ಕ ಸಾಲಿನ ಆ ತುದಿಯಿಂದ ನಡೆದುಬಂದು, ಬಗ್ಗಿ, ಬಡಿಸಿದಳು.